ರಯತರ ಮಾಸ್ತರ: ಕರ್ಮವೀರ ಭಾವೂರಾವ ಪಾಟೀಲರು

ರಾಜ್ಯೋತ್ಸವದ ಸಂಚಿಕೆಯಲ್ಲಿ ಮರಾಠೀ ನಾಡಿನ ಮಹನೀಯರೊಬ್ಬರ ಚರಿತ್ರೆಗೇನು ಕೆಲಸ ಎಂದು ವಾಚಕರು ಕೇಳಿಯಾರು. ಕೇಳಲಿ. ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಾವು ಉಣ್ಣುವುದು ಈ ನೆಲದ ಅನ್ನ. ಈ ನೆಲದ ದೊಡ್ಡವರನ್ನು ಅರಿತುಕೊಳ್ಳುವುದು ನಮಗೆ ಸಲ್ಲುವ ಕೆಲಸವೇ. ಅದಲ್ಲದೆ ಭಾವೂರಾವ ಪಾಟೀಲರು ನಮಗೆ ತೀರ ಹೊರಗಿನವರೂ ಅಲ್ಲ. ಅವರ ಹಿರಿಯರು ತುಳುನಾಡಿನ ಮೂಡುಬಿದಿರೆಯ ಕಡೆಯಿಂದ ಬಂದ ಜೈನರೆಂದು ಹೇಳುತ್ತಾರೆ. ತಂದೆಯ ಹೆಸರು ಪಾಯಗೊಂಡ, ಹೆಂಡತಿಯ ತವರಿನ ಹೆಸರು ಆದಕ್ಕ. ಈ ಹೆಸರುಗಳನ್ನು ಕೇಳಿದ ಬೆಳಗಾವಿ ಸೀಮೆಯವರಿಗೆ ತಮ್ಮೂರಿನ ಓಣಿಯೊಂದು ನೆನಪಾಗದೆ ಇರದು.

ಇನ್ನೊಂದು ಕಾರಣವೂ ಇದೆ. ನಮ್ಮ ಪರಿಚಯದ ತರುಣ ಶಿಕ್ಷಕರಲ್ಲಿ ಕೆಲವರು ಮುಖ್ಯಾಧ್ಯಾಪಕರ ಹುದ್ದೆಗೆ ಅರ್ಜಿ ಹಾಕುವ ವಯಸ್ಸಿಗೆ ಬಂದಿದ್ದಾರೆ. ಶಾಲೆಯನ್ನು ನಡೆಸುವಲ್ಲಿ ನಿಮ್ಮ ಧೋರಣೆಯೇನು, ತತ್ತ್ವವೇನು ಎಂದು ಅವರಿಂದ ಒಂದು ಪುಟ ಬರೆಸಿಕೊಳ್ಳುವ ರೂಢಿ ಈಗ ಕೆಲವೆಡೆ ಬಂದಿದೆಯಂತೆ. ಅವರು ದೊಡ್ಡ ದೊಡ್ಡ ಪುಸ್ತಕಗಳನ್ನು ತಿರುವಿ ಹಾಕುವುದನ್ನು ನಾವು ನೋಡಿದ್ದೇವೆ. ಇಲ್ಲಿಂದ ನೂರಾ ಹತ್ತು ಕಿಲೋಮೀಟರಿನಷ್ಟು ದೂರದ ಸಾತಾರಾದಲ್ಲಿ, ಮ್ಯಾಟ್ರಿಕ್ ಕೂಡ ಮುಟ್ಟದ ಒಬ್ಬ ಮನುಷ್ಯ ನೂರಾರು ಶಾಲೆಗಳನ್ನು ಕಟ್ಟಿ ನಡೆಸಿದ. ಅವನ ತತ್ತ್ವ ಎಲ್ಲಿಂದ ಬಂತು, ಹೇಗೆ ಬಲಿಯಿತು ಎಂಬುದನ್ನು ನೋಡುವುದು ಆ ತರುಣರಿಗೆ ಉಪಯೋಗವಾದೀತೆಂದು ನಮಗೆ ತೋರಿತು.

ಭಾವೂರಾವ ಪಾಟೀಲರು ಹುಟ್ಟಿದ್ದು 1887ನೆಯ ಇಸವಿ ಸಪ್ಟೆಂಬರ 22ರಂದು, ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ. ಅದು ತಾಯಿ ಗಂಗಾಬಾಯಿಯವರ ತವರು. ಮನೆತನದ ಊರು ಐತವಡೆ ಬುದ್ರುಕ, ಈಗಿನ ಸಾಂಗಲಿ ಜಿಲ್ಲೆಯದು. ತಂದೆಗೆ ಸರಕಾರದಲ್ಲಿ ಕಾರಕೂನಿಕೆ, ಊರಿಂದೂರಿಗೆ ವರ್ಗ. ಹುಡುಗ ಓದಿನಲ್ಲಿ ಅಷ್ಟಕ್ಕಷ್ಟೆ. ಈಜು, ಕುಸ್ತಿ, ಹಟ ಇವುಗಳಲ್ಲಿ ಮುಂದು. ಮುಟ್ಟಬಾರದವರೆನಿಸಿಕೊಂಡವರಿಗೆ ಬಾವಿಯ ನೀರು ಕೊಡಲಿಲ್ಲವೆಂದು ಬಾವಿಯ ರಾಟೆಯನ್ನೇ ಮುರಿದು ಹಾಕಿದನೆಂಬ ಕಥೆಯನ್ನು ಆ ಕಡೆಯ ಜನ ಇಂದಿಗೂ ಹೇಳುತ್ತಾರೆ. ಆಮೇಲೆ ನಡೆದದ್ದನ್ನೆಲ್ಲ ನೋಡಿದರೆ ಆ ಕಥೆಯನ್ನು ನಂಬದಿರಲು ಕಾರಣ ಕಾಣುವುದಿಲ್ಲ.

ಹೆಚ್ಚಿನ ಓದಿಗೆಂದು ಕೊಲ್ಹಾಪುರದ ರಾಜಾರಾಮ ಹೈಸ್ಕೂಲಿಗೆ ಸೇರಿಸಿದರು. ಆ ಕಾಲದ ಕೊಲ್ಹಾಪುರವೆಂದರೆ ಛತ್ರಪತಿ ಶಾಹೂ ಮಹಾರಾಜರ ಕೊಲ್ಹಾಪುರ. ಹಿಂದುಳಿದ ಜಾತಿಗಳ ಹುಡುಗರು ಓದಬೇಕೆಂಬ ಹಂಬಲದಿಂದ ಮಹಾರಾಜರು ಒಂದೊಂದು ಜಾತಿಗೂ ಒಂದೊಂದು ವಸತಿಗೃಹಕ್ಕೆ ಆಶ್ರಯ ಕೊಟ್ಟಿದ್ದರು. ಭಾವೂರಾವರು ಜೈನ ಬೋರ್ಡಿಂಗಿನಲ್ಲಿ ಇದ್ದರು. ಅದನ್ನು ನೋಡಿಕೊಳ್ಳುತ್ತಿದ್ದವರು ಅಣ್ಣಾಸಾಹೇಬ ಲಠ್ಠೆಯವರು. ಮುಂದೆ 1937ರಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಗಳಾದವರು, ಬೆಳಗಾವಿಯವರಿಗೆ ಚೆನ್ನಾಗಿ ಗೊತ್ತಿದ್ದವರು. 1908ರಲ್ಲಿ ಅಸ್ಪೃಶ್ಯ ಹುಡುಗರಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗು ತೆರೆದಾಗ ಆ ಸಮಾರಂಭಕ್ಕೆ ಭಾವೂರಾವರು ಹೋದರು. ಮರಳಿ ಬಂದಾಗ ಸ್ನಾನ ಮಾಡಿ ಒಳಗೆ ಬರಬೇಕೆಂದು ಅಪ್ಪಣೆಯಾಯಿತು. ಅವರು ಒಪ್ಪಲಿಲ್ಲ. ಬೋರ್ಡಿಂಗಿನಿಂದ ಹೊರಗೆ ಬಿದ್ದರು. ಆಶ್ರಯ ಕೊಟ್ಟವರು ಶಾಹೂ ಮಹಾರಾಜರೇ.

ಒಂದು ಕೊಡ ನೀರಿನ ಪ್ರಶ್ನೆ. ಮೈಮೇಲೆ ಸುರಿದುಕೊಂಡಿದ್ದರೆ ಊಟ, ವಸತಿ, ಓದು ಎಲ್ಲ ಸುಸೂತ್ರ. ಇಪ್ಪತ್ತು ವರುಷದ ಹುಡುಗ ಆ ನೀರನ್ನು ಸುರಿದುಕೊಳ್ಳಲಿಲ್ಲ. ಮುಂದೆ ಅವರು ಕಟ್ಟಿದ ಎಲ್ಲ ವಸತಿಗೃಹಗಳ ಮೊದಲ ನಿಯಮ ಅಂದೇ ಬರೆದಾಯಿತೆಂದು ನಾವು ತಿಳಿದಿದ್ದೇವೆ. ಜಾತಿಗೊಂದು ಬೋರ್ಡಿಂಗು ಶಾಹೂ ಮಹಾರಾಜರ ಕಾಲಕ್ಕೆ ದೊಡ್ಡ ಉಪಕಾರ. ಶಿಷ್ಯ ಗುರುವಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಎಲ್ಲ ಜಾತಿಗೂ ಒಂದೇ ಬೋರ್ಡಿಂಗು, ಒಂದೇ ಒಲೆ, ಒಂದೇ ಪಂಕ್ತಿ ಎಂದ.

ಓದು ಅಲ್ಲಿಗೇ ನಿಂತಿತು. 1909ರಲ್ಲಿ ಮದುವೆ, ಕುಂಭೋಜದ ಪಾಟೀಲರ ಮಗಳು ಆದಕ್ಕ ಗಂಡನ ಮನೆಗೆ ಬಂದು ಲಕ್ಷ್ಮೀಬಾಯಿಯಾದಳು. ದುಡಿಯದೆ ಉಣ್ಣುವ ಮಗನೆಂದು ತಂದೆ ಚುಚ್ಚಿದ್ದನ್ನು ತಾಳಲಾರದೆ ಭಾವೂರಾವರು ಸಾತಾರಾಕ್ಕೆ ಬಂದು ಮನೆಪಾಠ ಹೇಳತೊಡಗಿದರು. ತಾವೇ ದಾಟದ ಪರೀಕ್ಷೆಗೆ ಬೇರೆಯವರ ಮಕ್ಕಳನ್ನು ಸಿದ್ಧಮಾಡಿದರು! ಜನ ಅವರನ್ನು ಪಾಟೀಲ ಮಾಸ್ತರ ಎಂದು ಕರೆದರು.

1914ರಲ್ಲಿ ಕೊಲ್ಹಾಪುರದಲ್ಲಿ ಇಂಗ್ಲಿಷ್ ರಾಜಮನೆತನದವರ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಅದು ಲಠ್ಠೆಯವರ ಚಿತಾವಣೆಯೆಂದು ಸಾಕ್ಷಿ ಹೇಳಬೇಕೆಂದು ಭಾವೂರಾವರನ್ನು ಹಿಡಿದು ಒತ್ತಾಯಿಸಿದರು. ತಮ್ಮನ್ನು ಬೋರ್ಡಿಂಗಿನಿಂದ ಹೊರಹಾಕಿದ ಮನುಷ್ಯ! ಹಗೆ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಯಾರಿಗೆ ಸಿಕ್ಕೀತು? ಸೆರೆಯಲ್ಲಿ ಹಿಂಸೆಯನ್ನು ತಾಳಲಾರದೆ ಅವರು ಪ್ರಾಣ ಕಳೆದುಕೊಳ್ಳಲು ಕೂಡ ಯತ್ನಿಸಿದರು. ಸುಳ್ಳು ಸಾಕ್ಷಿಯನ್ನು ಮಾತ್ರ ಹೇಳಲಿಲ್ಲ. ಕೊನೆಗೆ ಬಿಡುಗಡೆಯಾಯಿತು. ಶಾಲೆಯನ್ನು ನಡೆಸುವವನಿಗೆ ಬೇಕಾದ ಗುಣಗಳ ಪಟ್ಟಿಯನ್ನು ಯಾರು ಎಷ್ಟೇ ಉದ್ದ ಮಾಡಲಿ, ನಮ್ಮ ಮಟ್ಟಿಗೆ ಈ ಗುಣ ಎಲ್ಲಕ್ಕಿಂತ ಮೇಲೆ ಬರುವಂಥದು. ತನಗೆ ಆಗದವನ ವಿಷಯದಲ್ಲಿಯೂ ನ್ಯಾಯ ತಪ್ಪದವನ ಕೈಕೆಳಗೆ ಶಿಕ್ಷಕರು ಧೈರ್ಯದಿಂದ ಕೆಲಸ ಮಾಡುತ್ತಾರೆ.

ಆ ಬಳಿಕ ಕೆಲವು ವರುಷ ವ್ಯಾಪಾರದ ತಿರುಗಾಟ. ಓಗಲೆಯವರ ಕಾಜಿನ ಕಾರಖಾನೆಯ ಸರಕು, ಆಮೇಲೆ ಕಿರ್ಲೋಸ್ಕರರ ಕಬ್ಬಿಣದ ನೇಗಿಲು ಮಾರುತ್ತ ಹಳ್ಳಿಯಿಂದ ಹಳ್ಳಿಗೆ ನಡೆದರು. (ಲಕ್ಷ್ಮಣರಾವ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು; ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಟ್ಟು ಮೇಲೆ ಬಂದವರೆಂಬುದನ್ನು ನಮ್ಮ ಸಂಘದ ಹಿರಿಯರಿಗೆ ಹೇಳಬೇಕಾಗಿಲ್ಲ.) ನೇಗಿಲು ಮಾರುವವನು ರೈತನ ಮನೆಯ ಪಡಸಾಲೆಯಲ್ಲಿ ಕೂಡಬೇಕು, ಅವನ ಬೆಳೆ, ಸಾಲ, ಮಕ್ಕಳು ಎಲ್ಲವನ್ನೂ ಕೇಳಬೇಕು. ಸಾಲಪತ್ರದಲ್ಲಿ ಬರೆದದ್ದೇನೆಂದು ತಿಳಿಯದೆ ಹೆಬ್ಬೆಟ್ಟು ಒತ್ತುವವರನ್ನು ಅವರು ಊರೂರಲ್ಲೂ ಕಂಡರು. ಶಾಲೆಯ ವಿಚಾರಕ್ಕೆ ಇಳಿಯುವ ಮೊದಲು ಶಾಲೆ ಯಾರಿಗಾಗಿ ಎಂಬುದನ್ನು ಹೀಗೆ ಕಣ್ಣಾರೆ ನೋಡಿಕೊಂಡ ಆಡಳಿತಗಾರರು ವಿರಳ.

ಧನಜೀಶಾ ಕೂಪರ್ ಎಂಬ ಪಾರಸೀ ಸಾಹುಕಾರರಿಗೆ ಸಾತಾರಾದ ಕಡೆ ಕಬ್ಬಿಣದ ಕಾರಖಾನೆ ಹಾಕಲು ಹುರಿದುಂಬಿಸಿದವರೂ ಭಾವೂರಾವರೇ. ಲಾಭದಲ್ಲಿ ಒಂದು ಪಾಲು ಬಡವರ ಶಿಕ್ಷಣಕ್ಕೆ ಸಿಕ್ಕುವುದೆಂಬ ನಂಬಿಕೆಯಿಂದ ದುಡಿದರು. ಕಾರಖಾನೆ ನಿಂತಿತು, ಪಾಲು ಬರಲಿಲ್ಲ; ಅವರು ಸಂಬಂಧ ಕಡಿದುಕೊಂಡು ಹೊರಬಂದರು. ಒಬ್ಬ ಸಿರಿವಂತನ ಉದಾರತೆಯನ್ನು ನೆಚ್ಚಿ ಶಾಲೆ ಕಟ್ಟಬಾರದೆಂಬ ಪಾಠವನ್ನು ಅವರು ಇಲ್ಲಿ ಕಲಿತಂತೆ ಕಾಣುತ್ತದೆ.

1919ರ ಅಕ್ಟೋಬರ 4ರಂದು ಕರಾಡದ ಹತ್ತಿರದ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆ ಹುಟ್ಟಿತು. ಮಹಾತ್ಮಾ ಜೋತಿಬಾ ಫುಲೆಯವರು 1873ರಲ್ಲಿ ಸ್ಥಾಪಿಸಿದ ಸತ್ಯಶೋಧಕ ಸಮಾಜದ ವಿಚಾರಗಳು ಅದರ ಬೆನ್ನಿಗಿದ್ದವು. ರಯತ ಎಂದರೆ ನಮ್ಮ ರೈತನೇ. ಮರಾಠಿಯಲ್ಲಿ ಸಾಮಾನ್ಯ ಪ್ರಜೆ ಎಂದೂ ಅರ್ಥವಾಗುತ್ತದೆ. ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿ ಕಟ್ಟಿದ್ದು 1916ರಲ್ಲಿ. ಆ ಕಾಲದ ಗಾಳಿಯೇ ಅಂಥದಿತ್ತು. ಆದರೆ ಬೆಳಗಾವಿಯ ಏಳು ಜನರೂ ಕಲಿತ ಶಿಕ್ಷಕರು, ಶಹರದಲ್ಲಿ ನಿಂತು ಕೆಲಸ ಮಾಡಿದವರು. ಕಾಲೆಯ ಮನುಷ್ಯನಿಗೆ ಪದವಿಯೂ ಇರಲಿಲ್ಲ, ಶಹರವೂ ಇರಲಿಲ್ಲ.

1924ರಲ್ಲಿ ಸಂಸ್ಥೆಯನ್ನು ಸಾತಾರಾಕ್ಕೆ ತಂದರು. ಅಲ್ಲಿಯ ಬೋರ್ಡಿಂಗು ಪ್ರಾರಂಭವಾದದ್ದು ಅವರ ಮನೆಯಲ್ಲೇ, ಅಸ್ಪೃಶ್ಯ ಜಾತಿಯ ಒಬ್ಬ ಹುಡುಗನನ್ನು ಕರೆತಂದು ಇಟ್ಟುಕೊಳ್ಳುವುದರಿಂದ. ಹುಡುಗರ ಸಂಖ್ಯೆ ಬೆಳೆಯಿತು. ಮರಾಠ, ಮಹಾರ, ಮಾಂಗ, ಮುಸಲ್ಮಾನ, ಜೈನ, ಬ್ರಾಹ್ಮಣ ಹುಡುಗರು ಒಂದೇ ಒಲೆಯ ರೊಟ್ಟಿಯನ್ನು ತಿಂದರು. ಅಡಿಗೆ, ಕಸ, ನೀರು ಎಲ್ಲ ಪಾಳಿಯ ಮೇಲೆ. 1927ರ ಫೆಬ್ರುವರಿ 25ರಂದು ಮಹಾತ್ಮಾ ಗಾಂಧಿಯವರು ಬಂದು ಇದಕ್ಕೆ ಛತ್ರಪತಿ ಶಾಹೂ ಬೋರ್ಡಿಂಗ್ ಹೌಸ್ ಎಂದು ಹೆಸರಿಟ್ಟರು. ತಮ್ಮ ಸಾಬರಮತಿಯಲ್ಲಿ ಕಷ್ಟವೆನಿಸಿದ್ದನ್ನು ಇಲ್ಲಿ ಸಾಧಿಸಿರುವುದನ್ನು ಕಂಡು ಅವರು ಮೆಚ್ಚಿದರೆಂದು ಹೇಳುತ್ತಾರೆ.

ಇಲ್ಲಿ ಲಕ್ಷ್ಮೀಬಾಯಿಯವರ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಮಡಿ ಮೈಲಿಗೆಯ ಸಂಪ್ರದಾಯದಲ್ಲಿ ಬೆಳೆದ ಶ್ರೀಮಂತರ ಮನೆಯ ಹೆಣ್ಣುಮಗಳು ಗಂಡ ತಂದ ಎಲ್ಲ ಜಾತಿಯ ಹುಡುಗರಿಗೂ ತಾಯಿಯಾಗಿ ನಿಂತಳು. ಮೊದಮೊದಲು ಆಕೆಗೆ ಇದು ಸುಲಭವಾಗಿರಲಿಕ್ಕಿಲ್ಲ. ಕಾಳು ತೀರಿದಾಗಲೆಲ್ಲ ಒಂದೊಂದಾಗಿ ತವರಿನ ಒಡವೆಗಳು ಹೋದವು. ಭಾವೂರಾವರು ಹಣ ಕೂಡಿಸಲು ಊರೂರು ತಿರುಗುತ್ತಿದ್ದಾಗ ಒಮ್ಮೆ ಹುಡುಗರಿಗೆ ಉಣ್ಣಲು ಏನೂ ಉಳಿಯದೆ, ಆಕೆ ಕೊರಳ ಮಂಗಳಸೂತ್ರವನ್ನೇ ಕೊಟ್ಟು ಕಾಳು ತರಿಸಿದಳು. 1930ರಲ್ಲಿ ತೀರಿಕೊಂಡಳು.

ಭಾವೂರಾವರನ್ನು ಹೊಗಳುವ ಭರದಲ್ಲಿ ಈ ಮಂಗಳಸೂತ್ರದ ಕಥೆಯನ್ನು ಅವರ ತ್ಯಾಗದ ಲೆಕ್ಕಕ್ಕೆ ಸೇರಿಸುವುದನ್ನು ನಾವು ಹಲವು ಭಾಷಣಗಳಲ್ಲಿ ಕೇಳಿದ್ದೇವೆ. ಜಮಾ ಖರ್ಚಿನ ಪುಸ್ತಕದೊಡನೆ ದಿನ ಕಳೆಯುವ ನಮ್ಮಂಥವರಿಗೆ ಇದು ಸರಿಯಲ್ಲವೆನಿಸುತ್ತದೆ. ಆ ಜಮೆ ಆಕೆಯ ಹೆಸರಿನದು. ಸಂಸ್ಥೆಯ ಧ್ಯೇಯ ಗಂಡನದು, ಬಂಗಾರ ಹೆಂಡತಿಯದು. ಗಂಡ ಸುಮಾರು ಇಪ್ಪತ್ತೊಂಬತ್ತು ವರುಷ ಹೆಚ್ಚು ಬದುಕಿ ತನ್ನ ಧ್ಯೇಯ ಫಲಿಸಿದ್ದನ್ನು ಕಂಡ, ಹೆಂಡತಿಗೆ ಅದು ಸಿಗಲಿಲ್ಲ. ಧ್ಯೇಯವಾದಿಗಳ ಮನೆಯವರು ತೆತ್ತ ಬೆಲೆಯನ್ನು ನಮ್ಮ ಚರಿತ್ರಕಾರರು ಒಂದು ವಾಕ್ಯದಲ್ಲಿ ಮುಗಿಸುವುದು ವಾಡಿಕೆ. ಶಾಲೆಗಾಗಿ ಮನೆಯನ್ನು ಎಷ್ಟರ ಮಟ್ಟಿಗೆ ಕರಗಿಸಬಹುದು ಎಂಬ ಪ್ರಶ್ನೆಗೆ ಭಾವೂರಾವರ ಬಾಳಿನಲ್ಲಿ ನೆಮ್ಮದಿಯ ಉತ್ತರ ಸಿಗುವುದಿಲ್ಲ. ಮುಖ್ಯಾಧ್ಯಾಪಕರಾಗಲಿರುವ ನಮ್ಮ ಮಿತ್ರರು ಈ ಭಾಗವನ್ನು ಅವಸರದಿಂದ ಓದಬಾರದು.

ಇನ್ನು ಅವರ ಮುಖ್ಯ ತತ್ತ್ವ. ಸಂಸ್ಥೆಯ ಲಾಂಛನ ಆಲದ ಮರ, ಬಿರುದು ಸ್ವಾವಲಂಬನೆಯ ಶಿಕ್ಷಣ. ಬಡ ಹುಡುಗನಿಗೆ ಧರ್ಮಾರ್ಥವಾಗಿ ಅನ್ನ ಹಾಕಿ ಓದಿಸುವುದು ನಮ್ಮ ದೇಶದಲ್ಲಿ ಹಳೆಯ ಪುಣ್ಯಕಾರ್ಯ. ಕನ್ನಡನಾಡಿನ ಮಠಗಳ ಪ್ರಸಾದನಿಲಯಗಳನ್ನು ಉಂಡು ಓದಿದವರು ನಮ್ಮ ಸಂಘದಲ್ಲಿಯೇ ಇದ್ದಾರೆ. ಭಾವೂರಾವರು ಬೇರೆ ದಾರಿ ಹಿಡಿದರು. ದುಡಿ, ಓದು. ಹುಡುಗರು ಹೊಲ ಉತ್ತರು, ಕಲ್ಲು ಒಡೆದರು, ಮಣ್ಣು ಹೊತ್ತರು, ತಮ್ಮ ಶಾಲೆಯ ಗೋಡೆಗಳನ್ನು ತಾವೇ ಎಬ್ಬಿಸಿದರು. ಆ ದುಡಿಮೆಯ ಲೆಕ್ಕ ಅವರ ಫೀಗೆ, ಊಟಕ್ಕೆ ಜಮೆಯಾಯಿತು. 1940ರಲ್ಲಿ ಸಾತಾರಾದಲ್ಲಿ ತೆರೆದ ಮಹಾರಾಜಾ ಸಯಾಜಿರಾವ ಹೈಸ್ಕೂಲು ಫೀಯಿಲ್ಲದ, ವಸತಿಯುಳ್ಳ ಹೈಸ್ಕೂಲು. 1947ರಲ್ಲಿ ತೆರೆದ ಛತ್ರಪತಿ ಶಿವಾಜಿ ಕಾಲೇಜಿನಲ್ಲಿಯೂ ದುಡಿದು ಓದುವ ಪದ್ಧತಿಯೇ ನಡೆಯಿತು. ಇಂದು ಅನೇಕ ಕಾಲೇಜುಗಳಲ್ಲಿ ಗಳಿಸು ಮತ್ತು ಕಲಿ ಎಂಬ ಯೋಜನೆಯ ಹೆಸರು ಕೇಳಿಬರುತ್ತದೆಯಷ್ಟೆ. ಈ ಭಾಗದಲ್ಲಿ ಅದನ್ನು ಬೇರೂರಿಸಿದವರು ಇವರು.

ಓದಬೇಕಾದ ಮಕ್ಕಳ ಕೈಯಲ್ಲಿ ಗುದ್ದಲಿ ಕೊಟ್ಟದ್ದು ಇಂದಿನವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಆಕ್ಷೇಪಣೆ ಹಗುರವಾದದ್ದಲ್ಲ. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಬೋರ್ಡಿಂಗಿಗೆ ಬಂದ ಹುಡುಗರು ಮನೆಯಲ್ಲಿದ್ದರೂ ದುಡಿಯುತ್ತಿದ್ದವರೇ. ಆಗ ದುಡಿಮೆ ಇತ್ತು, ಓದು ಇರಲಿಲ್ಲ. ಎರಡನೆಯದು, ಗುದ್ದಲಿ ಹಿಡಿದ ಹುಡುಗನ ಪಕ್ಕದಲ್ಲಿ ಅವನನ್ನು ನಡೆಸುವವರೂ ದುಡಿಯುತ್ತಿದ್ದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಎದೆಯವರೆಗೆ ಇಳಿದ ಗಡ್ಡ: ಅವರ ಭಾವಚಿತ್ರ ನೋಡಿದವರು ದೊಡ್ಡ ಸಂಸ್ಥೆಯೊಂದರ ಒಡೆಯರೆಂದು ಊಹಿಸುವುದು ಕಷ್ಟ, ಕುರಿಗಾರನೆಂದಾರು.

ದುಡಿಮೆಯ ಈ ತತ್ತ್ವದಲ್ಲಿ ಇನ್ನೊಂದು ಸೂಕ್ಷ್ಮವಿದೆ. ದಾನದ ಅನ್ನ ಉಂಡವನು ದಾನಿಯ ಮುಂದೆ ಬಗ್ಗಬೇಕು. ತನ್ನ ಬೆವರಿನ ಅನ್ನ ಉಂಡವನು ಯಾರ ಮುಂದೆಯೂ ಬಗ್ಗಬೇಕಾಗಿಲ್ಲ. ಸಂಸ್ಥೆಯ ವಿಷಯದಲ್ಲಿಯೂ ಅವರು ಇದೇ ಲೆಕ್ಕ ಹಾಕಿದರು. ಹಳ್ಳಿಗರಿಂದ ಮುಷ್ಟಿ ಫಂಡು ಎತ್ತಿದರು. ಮನೆಗೊಂದು ಹಿಡಿ ಕಾಳು. ಹೆಸರು ಬದಲಿಸಿ ತಮ್ಮ ಹೆಸರಿಟ್ಟರೆ ದೊಡ್ಡ ಮೊತ್ತ ಕೊಡುವೆವೆಂದ ದಾನಿಗೆ, ಬೇಕಾದರೆ ತನ್ನ ಅಪ್ಪನ ಹೆಸರನ್ನು ಬದಲಿಸಿಯೇನು, ಸಂಸ್ಥೆಗಿಟ್ಟ ಹೆಸರನ್ನು ಬದಲಿಸಲಾರೆನೆಂಬ ಅರ್ಥದ ಉತ್ತರ ಕೊಟ್ಟು ಕಳಿಸಿದರೆಂದು ಪ್ರತೀತಿಯಿದೆ. ಒಂದು ಹಿಡಿ ಕಾಳು ಕೊಟ್ಟವನು ಹೆಸರು ಕೇಳುವುದಿಲ್ಲ. ಹಾಗೆ ಕೊಟ್ಟವರು ಸಾವಿರಾರು ಜನರಿದ್ದರೆ ಶಾಲೆ ಯಾವ ಒಬ್ಬನದೂ ಆಗದೆ ಊರಿನದಾಗುತ್ತದೆ.

ಈ ನಂಬಿಕೆಗೆ ದೊಡ್ಡ ಪರೀಕ್ಷೆ ಬಂದದ್ದು 1948ರ ಸುಮಾರಿಗೆ. ಅವರ ಕೆಲವು ಭಾಷಣಗಳಿಂದ ಅಸಮಾಧಾನಗೊಂಡ ಮುಂಬಯಿ ಸರಕಾರ ಸಂಸ್ಥೆಯ ಗ್ರಾಂಟು ನಿಲ್ಲಿಸಿತು. ಆಗ ಅವರ ಕೈಯಲ್ಲಿ ನೂರಾರು ಹಳ್ಳಿ ಶಾಲೆಗಳು, ಅವುಗಳ ಶಿಕ್ಷಕರ ಸಂಬಳ. ಮುಖ್ಯಸ್ಥನೊಬ್ಬ ತನ್ನ ಮಾತಿನ ಸ್ವಾತಂತ್ರ್ಯಕ್ಕಾಗಿ ಕೈಕೆಳಗಿನವರ ಹೊಟ್ಟೆಯನ್ನು ಪಣಕ್ಕಿಡಬಹುದೇ? ಇದು ಸುಲಭವಾದ ಪ್ರಶ್ನೆಯಲ್ಲ. ಬಗ್ಗಬೇಕಾಗಿತ್ತೆಂದು ಹೇಳುವವನನ್ನು ನಾವು ಹೇಡಿಯೆನ್ನಲಾರೆವು. ಅವರು ಬಗ್ಗಲಿಲ್ಲ. ಜನರ ಬಳಿಗೆ ಹೋದರು; ಜನ ಕೊಟ್ಟರು; ಶಾಲೆಗಳು ನಡೆದವು. ಕೊನೆಗೆ ಸರಕಾರವೇ ಗ್ರಾಂಟನ್ನು ಮರಳಿ ಕೊಟ್ಟಿತು. ಗಾಂಧೀಜಿಯವರ ನೆನಪಿಗಾಗಿ ನೂರಾ ಒಂದು ಹೈಸ್ಕೂಲುಗಳನ್ನು ತೆರೆಯುವ ಸಂಕಲ್ಪವನ್ನು ಅವರು ತೊಟ್ಟದ್ದೂ ಇದೇ ಕಾಲದಲ್ಲಿ.

ಶಿಕ್ಷಕರನ್ನು ಅವರು ಎಲ್ಲಿಂದ ತಂದರು ಎಂಬುದೂ ತಿಳಿಯತಕ್ಕ ವಿಷಯ. ಹಳ್ಳಿಗೆ ಹೋಗಲು ಶಹರದ ಶಿಕ್ಷಕ ಒಪ್ಪುವುದಿಲ್ಲ, ಒಪ್ಪಿದರೂ ನಿಲ್ಲುವುದಿಲ್ಲ. ಆದ್ದರಿಂದ 1935ರಲ್ಲಿ ಸಾತಾರಾದಲ್ಲಿ ಸಿಲ್ವರ್ ಜ್ಯುಬಿಲಿ ರೂರಲ್ ಟ್ರೇನಿಂಗ್ ಕಾಲೇಜನ್ನು ತೆರೆದು, ಹಳ್ಳಿಯ ಹುಡುಗರನ್ನೇ ಹಳ್ಳಿಯ ಶಿಕ್ಷಕರನ್ನಾಗಿ ತಯಾರಿಸಿದರು. ಶಾಲೆಯಿಲ್ಲದ ಊರುಗಳಲ್ಲಿ ಗುಡಿಯೋ ಚಾವಡಿಯೋ ಸಿಕ್ಕಲ್ಲಿ ಶಾಲೆ ಕೂಡಿಸಿದರು. ಬೋರ್ಡಿಂಗಿನಲ್ಲಿ ಬೆಳೆದವರು ಸಂಸ್ಥೆಗೇ ಮರಳಿ ಬಂದರು. ಅಂಥವರಲ್ಲಿ ಒಬ್ಬರು ಪಿ. ಜಿ. ಪಾಟೀಲರು. ವಿಲಾಯತಿಗೆ ಹೋಗಿ ಬ್ಯಾರಿಸ್ಟರಾಗಿ ಬಂದರೂ ಸಂಸ್ಥೆಯ ಕೆಲಸಕ್ಕೇ ನಿಂತರು; ಮುಂದೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಗಳಾದರು. ತನಗಿಂತ ಹೆಚ್ಚು ಕಲಿತವರನ್ನು ತಯಾರಿಸಿ, ಅವರನ್ನು ಅಂಜದೆ ಹತ್ತಿರ ಇಟ್ಟುಕೊಳ್ಳುವುದು ಎಲ್ಲ ಮುಖ್ಯಸ್ಥರಿಗೂ ಸಾಧ್ಯವಾಗುವ ಮಾತಲ್ಲ. ನಮ್ಮ ಕಸುಬಿಗೆ ಹತ್ತಿರದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇವೆ: ಸಂಸ್ಥೆಯ ನೌಕರರದೇ ಆದ ರಯತ ಸೇವಕ ಸಹಕಾರಿ ಬ್ಯಾಂಕು ಸಾತಾರಾದಲ್ಲಿದೆ. ಶಿಕ್ಷಕನಿಗೆ ಕಷ್ಟಕಾಲಕ್ಕೆ ತನ್ನದೇ ಆದ ಬ್ಯಾಂಕಿನಿಂದ ಸಾಲ ಹುಟ್ಟಿದರೆ ಅವನು ಊರ ಸಾವಕಾರನ ಬಾಗಿಲಿಗೆ ಹೋಗಬೇಕಾಗಿಲ್ಲ.

1954ರಲ್ಲಿ ಕರಾಡದಲ್ಲಿ ಸದ್ಗುರು ಗಾಡಗೆ ಮಹಾರಾಜ ಕಾಲೇಜು, 1955ರಲ್ಲಿ ಸಾತಾರಾದಲ್ಲಿ ಆಝಾದ್ ಶಿಕ್ಷಣ ಕಾಲೇಜು ಪ್ರಾರಂಭವಾದವು. ಅಷ್ಟರಲ್ಲಿ ಅವರ ದೇಹ ಸೋತಿತ್ತು. ಜನ ಮೊದಲೇ ಕರ್ಮವೀರ ಎಂದು ಕರೆದಿದ್ದರು. 1959ರಲ್ಲಿ ಭಾರತ ಸರಕಾರ ಪದ್ಮಭೂಷಣವನ್ನು ಕೊಟ್ಟಿತು. ಅದೇ ವರುಷ ನಮ್ಮ ಪುಣೆಯ ವಿಶ್ವವಿದ್ಯಾಲಯ ಡಿ. ಲಿಟ್. ಪದವಿಯನ್ನು ಕೊಟ್ಟು ಗೌರವಿಸಿತು. ಮ್ಯಾಟ್ರಿಕ್ ಆಗದ ಪಾಟೀಲ ಮಾಸ್ತರರಿಗೆ ದೊರೆತ ಮೊದಲನೆಯ ಪದವಿ ಅದು. 1959ರ ಮೇ 9ರಂದು ಅವರು ತೀರಿಕೊಂಡರು.

ಅವರು ಕಣ್ಣು ಮುಚ್ಚುವ ಹೊತ್ತಿಗೆ ಸಂಸ್ಥೆಯ ಲೆಕ್ಕ ಹೀಗಿತ್ತು: 38 ವಸತಿಗೃಹಗಳು, 578 ಹಳ್ಳಿ ಶಾಲೆಗಳು, 6 ಟ್ರೇನಿಂಗ್ ಕಾಲೇಜುಗಳು, 108 ಹೈಸ್ಕೂಲುಗಳು, 3 ಕಾಲೇಜುಗಳು. ಸಂಕಲ್ಪದ ನೂರಾ ಒಂದಕ್ಕಿಂತ ಏಳು ಹೆಚ್ಚು. ಸಂಸ್ಥೆ ಇಂದೂ ನಡೆದಿದೆ, ಬೆಳೆದಿದೆ. ಅವರ ಸಮಾಧಿ ಸಾತಾರಾದಲ್ಲಿದೆ. ಪುಣೆಯಿಂದ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಯ ಕಡೆಗೆ ಹೋಗುವ ಹೆದ್ದಾರಿ ಸಾತಾರಾವನ್ನು ಮುಟ್ಟಿಯೇ ಹೋಗುತ್ತದೆ. ದೀಪಾವಳಿಗೆ ಊರಿಗೆ ಹೊರಟ ನಮ್ಮ ಮಿತ್ರರು ಅರ್ಧ ದಿನ ಅಲ್ಲಿ ಇಳಿದು, ಶಾಹೂ ಬೋರ್ಡಿಂಗನ್ನೂ ಹುಡುಗರು ಕಲ್ಲು ಹೊತ್ತು ಕಟ್ಟಿದ ಆ ಶಾಲೆಗಳನ್ನೂ ನೋಡಿಕೊಂಡು ಮುಂದೆ ಹೋಗಬಹುದು.